ಗಡಿಗೆರೆಯ ಮೇಲೊಂದು ಸೈಕಲ್ ಹಾದಿ

ಪ್ರತಿ ವರ್ಷ ಜುಲೈ ತಿಂಗಳಲ್ಲಿ ಪತ್ರಿಕೆಯ ಕ್ರೀಡಾಪುಟದ ಕೆಳಮೂಲೆಯಲ್ಲಿ ನಾಲ್ಕು ಸಾಲಿನ ಒಂದು ಸುದ್ದಿ ಕಾಣಿಸಿಕೊಳ್ಳುತ್ತದೆ. ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯದ ಹಂತವೊಂದನ್ನು ಇಂಥವರು ಗೆದ್ದರು, ಹಳದಿ ಅಂಗಿ ಇಂಥವರ ಮೈಮೇಲಿದೆ, ಅಷ್ಟೇ. ಸುದ್ದಿಮನೆಗೆ ಸೇರಿದ ಹೊಸತರಲ್ಲಿ ಆ ನಾಲ್ಕು ಸಾಲನ್ನು ಕನ್ನಡಕ್ಕೆ ತರುವ ಕೆಲಸ ಈ ವರದಿಗಾರನ ಪಾಲಿಗೆ ಬರುತ್ತಿತ್ತು. ಊರಿನ ಹೆಸರುಗಳನ್ನು ಬರೆಯುವುದೇ ಒಂದು ತಲೆನೋವು. ಬರೆದಂತೆ ಉಚ್ಚರಿಸುವ ಪದ್ಧತಿ ಫ್ರೆಂಚರದಲ್ಲ. ಹಾಗೆ ಕಾಡಿದ ಹೆಸರುಗಳಲ್ಲಿ ಒಂದು ‘ಬಲೋಂ ದಾಲ್ಸಾಸ್’. ಇದು ಊರಲ್ಲ, ಬೆಟ್ಟ. ಎಲ್ಲಿದೆಯೆಂದು ನೋಡಲು ಭೂಪಟ ಬಿಡಿಸಿದ್ದು ನೆಪವಾಯಿತು. ಆ ಬೆಟ್ಟಸಾಲಿನ ಕತೆ ನಾಲ್ಕು ಸಾಲಿನಲ್ಲಿ ಮುಗಿಯುವಂಥದ್ದಾಗಿರಲಿಲ್ಲ.

ಫ್ರಾನ್ಸಿನ ಈಶಾನ್ಯ ಮೂಲೆಯಲ್ಲಿ, ರೈನ್ ನದಿಯ ಬಯಲಿಗೆ ಸಮನಾಗಿ ಉತ್ತರ ದಕ್ಷಿಣವಾಗಿ ಚಾಚಿಕೊಂಡಿರುವ ಬೆಟ್ಟಸಾಲಿನ ಹೆಸರು ವೋಜ್. ಆಲ್ಪ್ಸ್ ಪರ್ವತಗಳ ಎದುರು ಇವು ಮರಿಗಳೇ ಸರಿ. ಅತಿ ಎತ್ತರದ ಶಿಖರ ‘ಗ್ರಾಂ ಬಲೋಂ’ 1,424 ಮೀಟರ್ ಮಾತ್ರ. ಬಲೂನಿಗೂ ಫ್ರೆಂಚಿನಲ್ಲಿ ‘ಬಲೋಂ’ ಎಂದೇ ಹೇಳುತ್ತಾರೆ. ಈ ಬೆಟ್ಟಗಳ ತಲೆಯೂ ಹಾಗೆಯೇ ದುಂಡಗೆ, ಬೋಳಾಗಿದೆ. ಇಳಿಜಾರಿನಲ್ಲಿ ದಟ್ಟವಾದ ಬೀಚ್ ಮತ್ತು ಫರ್ ಮರಗಳು. ನೆತ್ತಿಯಲ್ಲಿ ಮರವಿಲ್ಲದ ಹುಲ್ಲುಗಾವಲು. ಪೂರ್ವಕ್ಕೆ ಇಳಿದರೆ ಅಲ್ಸಾಸ್ ಪ್ರಾಂತ, ದ್ರಾಕ್ಷಿ ತೋಟ, ಮರದ ಚೌಕಟ್ಟಿನ ಹಳೆಯ ಮನೆಗಳ ಊರುಗಳು. ಪಶ್ಚಿಮಕ್ಕೆ ಇಳಿದರೆ ಲೊರೇನ್ ಪ್ರಾಂತ. ಹಿಮಯುಗದ ನೀರ್ಗಲ್ಲುಗಳು ಕೊರೆದುಬಿಟ್ಟ ಸರೋವರಗಳು ಮತ್ತು ನೇಯ್ಗೆಯ ಊರುಗಳು. ಬೆಟ್ಟದ ನೆತ್ತಿಯುದ್ದಕ್ಕೂ ಒಂದು ರಸ್ತೆ ಇದೆ. ಸುಮಾರು 80 ಕಿಲೋಮೀಟರ್ ಉದ್ದದ ಅದಕ್ಕೆ ‘ರೂತ್ ದೆ ಕ್ರೆತ್’, ಅಂದರೆ ಏಣುಗಳ ರಸ್ತೆ, ಎಂದು ಹೆಸರು. ಬೇಸಿಗೆಯ ಭಾನುವಾರಗಳಲ್ಲಿ ಅದರ ಮೇಲೆ ಸೈಕಲ್ಲಿನವರ ಸಾಲೇ ಸಾಲು.

ಈ ರಸ್ತೆಯ ಬಗ್ಗೆ ಒಂದು ವಿಚಿತ್ರ ಸಂಗತಿಯುಂಟು. ನೆತ್ತಿಯ ರಸ್ತೆಯೆಂದರೆ ಎರಡೂ ಕಡೆಯ ನೋಟ ಸಿಗಬೇಕು ತಾನೇ? ಇಲ್ಲಿ ಬಹಳ ದೂರದವರೆಗೆ ರಸ್ತೆ ನೆತ್ತಿಗಿಂತ ತುಸು ಕೆಳಗೆ, ಪಶ್ಚಿಮದ ಮಗ್ಗುಲಲ್ಲೇ ಹೋಗುತ್ತದೆ. ಪೂರ್ವದ ಬಯಲು ಕಾಣುವುದೇ ಇಲ್ಲ. ರಸ್ತೆ ಕಡಿದವರಿಗೆ ನೋಟ ಬೇಕಿರಲಿಲ್ಲ. ಪೂರ್ವದಲ್ಲಿದ್ದ ಜರ್ಮನ್ ತೋಪುಗಳ ಕಣ್ಣಿಗೆ ತಾವು ಬೀಳದಿದ್ದರೆ ಸಾಕಿತ್ತು.

ಅದು 1914ರ ನಂತರದ ಮಾತು. ಕತೆ ಶುರುವಾಗುವುದು ಅದಕ್ಕೂ 40 ವರ್ಷ ಮುಂಚೆ.

ಬೆಟ್ಟದ ಮೇಲೆ ಎಳೆದ ಗೆರೆ

1870ರಲ್ಲಿ ಪ್ರಷ್ಯದ ಮೇಲೆ ಯುದ್ಧ ಹೂಡಿದ ಫ್ರಾನ್ಸ್ ಹೀನಾಯವಾಗಿ ಸೋತಿತು. 1871ರ ಮೇ 10ರಂದು ಫ್ರಾಂಕ್‌ಫರ್ಟ್‌ನಲ್ಲಿ ಆದ ಒಪ್ಪಂದದ ಪ್ರಕಾರ ಇಡೀ ಅಲ್ಸಾಸ್, ಬೆಲ್ಫೋರ್ ಪಟ್ಟಣದ ಸುತ್ತಲ ತುಣುಕೊಂದನ್ನು ಬಿಟ್ಟು, ಹೊಸದಾಗಿ ಹುಟ್ಟಿದ ಜರ್ಮನ್ ಸಾಮ್ರಾಜ್ಯದ ಪಾಲಾಯಿತು. ಲೊರೇನಿನ ಒಂದು ಭಾಗವೂ ಮೆಟ್ಜ್ ನಗರವೂ ಜೊತೆಗೆ ಹೋದವು. ಹೊಸ ಗಡಿ ಬಹುಪಾಲು ವೋಜ್ ಬೆಟ್ಟಗಳ ನೆತ್ತಿಯ ಮೇಲೆಯೇ ಹಾದುಹೋಯಿತು. ಸಾವಿರ ವರ್ಷಗಳಿಂದ ಎರಡೂ ಕಡೆಯ ದನಗಾಹಿಗಳು ಬೇಸಿಗೆಯಲ್ಲಿ ಹತ್ತಿ ದನ ಮೇಯಿಸಿಕೊಂಡಿದ್ದ ಹುಲ್ಲುಗಾವಲಿನಲ್ಲಿ ಗಡಿಕಲ್ಲುಗಳು ಎದ್ದುನಿಂತವು.

ಫ್ರೆಂಚ್ ಪ್ರಜೆಗಳಾಗಿಯೇ ಉಳಿಯಬಯಸುವವರು 1872ರ ಅಕ್ಟೋಬರ್ 1ರೊಳಗೆ ತಿಳಿಸಬೇಕೆಂದು ಗಡುವು ವಿಧಿಸಲಾಯಿತು. ಸಾವಿರಾರು ಮಂದಿ ಗಂಟುಮೂಟೆ ಕಟ್ಟಿಕೊಂಡು ಬೆಟ್ಟ ದಾಟಿ ಪಶ್ಚಿಮಕ್ಕೆ ಬಂದರು. ಕಾರ್ಖಾನೆಗಳೂ ಬಂದವು. ಅಲ್ಸಾಸಿನ ಯಂತ್ರ ಕಂಪನಿಯೊಂದು ಫ್ರೆಂಚ್ ರೈಲ್ವೆಗೆ ಎಂಜಿನ್ ಮಾರುವುದಕ್ಕಾಗಿ 1879ರಲ್ಲಿ ಬೆಲ್ಫೋರಿನಲ್ಲಿ ಕಾರ್ಖಾನೆ ತೆರೆಯಿತು. ಇಂದು ನಮ್ಮ ರೈಲ್ವೆಗೂ ವಿದ್ಯುತ್ ಎಂಜಿನ್ ಒದಗಿಸುತ್ತಿರುವ ‘ಆಲ್‌ಸ್ಟಾಂ’ ಕಂಪನಿಯ ಹೆಸರಿನ ಮೊದಲ ಭಾಗದಲ್ಲಿ ಅಡಗಿರುವುದು ಆ ಅಲ್ಸಾಸೇ.

ಕಳೆದುಹೋದ ಈ ನೆಲವನ್ನು ಫ್ರಾನ್ಸಿನ ಮಕ್ಕಳು ಶಾಲೆಯಲ್ಲಿ ಉರು ಹೊಡೆದರು. 1877ರಲ್ಲಿ ಪ್ರಕಟವಾದ ಒಂದು ಓದುಪುಸ್ತಕದ ಹೆಸರು ‘ಇಬ್ಬರು ಮಕ್ಕಳ ಫ್ರಾನ್ಸ್ ಪ್ರದಕ್ಷಿಣೆ’ ಎಂಬರ್ಥದ್ದು. ಬರೆದವರು ಒಗ್ಯುಸ್ತೀನ್ ಫುಯೆ ಎಂಬ ಮಹಿಳೆ, ಗಂಡಸಿನ ಗುಪ್ತನಾಮದಲ್ಲಿ. ಜರ್ಮನರ ಪಾಲಾದ ಲೊರೇನಿನ ಊರೊಂದರಿಂದ ತಬ್ಬಲಿ ಅಣ್ಣತಮ್ಮಂದಿರು ರಾತ್ರಿಯಲ್ಲಿ ಕದ್ದು ಹೊರಟು, ವೋಜ್ ಬೆಟ್ಟ ದಾಟಿ, ಫ್ರಾನ್ಸನ್ನೆಲ್ಲ ಸುತ್ತಿ ನೋಡುವ ಕತೆ ಅದು. ಲಕ್ಷಾಂತರ ಪ್ರತಿಗಳು ಮಾರಾಟವಾದವು. ಮುಂದೆ ಸೈಕಲ್ ಪಂದ್ಯವೊಂದಕ್ಕೆ ‘ಫ್ರಾನ್ಸ್ ಪ್ರದಕ್ಷಿಣೆ’ ಎಂದು ಹೆಸರಿಟ್ಟಾಗ ಅದನ್ನು ಓದಿದ ತಲೆಮಾರಿಗೆ ಏನು ನೆನಪಾಗಿರಬಹುದೆಂದು ಬೇರೆ ಹೇಳಬೇಕಿಲ್ಲ.

ಸೈಕಲ್ ಎಂಬ ವಸ್ತುವೂ ಈ ಸೀಮೆಗೆ ಹೊರಗಿನದಲ್ಲ. ಕಾಲಿನಿಂದ ನೆಲ ಒದ್ದುಕೊಂಡು ಓಡಿಸುವ ಎರಡು ಗಾಲಿಯ ಮರದ ಗಾಡಿಯನ್ನು 1817ರಲ್ಲಿ ತೋರಿಸಿದ ಕಾರ್ಲ್ ಡ್ರೈಸ್ ರೈನ್ ನದಿಯ ಆಚೆಯ ಕಾರ್ಲ್ಸ್‌ರೂಹೆಯವನು. ಅದಕ್ಕೆ 1860ರ ದಶಕದಲ್ಲಿ ಪೆಡಲ್ ಕೂಡಿಸಿದ ಕೀರ್ತಿಗೆ ಇಬ್ಬರು ಹಕ್ಕುದಾರರು. ಪಿಯೆರ್ ಮಿಶೋ ಲೊರೇನಿನ ಬಾರ್-ಲ-ದ್ಯುಕ್ ಊರಿನವನು. ಪಿಯೆರ್ ಲಾಲ್ಮಾಂ ಅದೇ ಲೊರೇನಿನ ಪೋಂತ್-ಆ-ಮೂಸೋಂ ಊರಿನವನು. ಯಾರು ಮೊದಲು ಎಂಬ ಜಗಳ ಇನ್ನೂ ತೀರಿಲ್ಲ.

ಪಂದ್ಯ ಹುಟ್ಟಿದ್ದರ ಹಿಂದೆಯೂ ಅಲ್ಸಾಸಿನ ಒಬ್ಬ ಮನುಷ್ಯನಿದ್ದಾನೆ, ಅವನು ಸೈಕಲ್ಲಿಗೆ ಸಂಬಂಧಪಟ್ಟವನಲ್ಲದಿದ್ದರೂ. ಬೇಹುಗಾರಿಕೆಯ ಸುಳ್ಳು ಆರೋಪದ ಮೇಲೆ 1894ರಲ್ಲಿ ಶಿಕ್ಷೆಗೆ ಗುರಿಯಾದ ಸೇನಾಧಿಕಾರಿ ಆಲ್ಫ್ರೆಡ್ ಡ್ರೈಫಸ್ ಹುಟ್ಟಿದ್ದು 1859ರಲ್ಲಿ, ಅಲ್ಸಾಸಿನ ಮ್ಯುಲೂಸಿನಲ್ಲಿ. ಆ ಪ್ರಕರಣದಿಂದ ಇಡೀ ಫ್ರಾನ್ಸ್ ಎರಡು ಹೋಳಾಯಿತು. ಆಗಿನ ದೊಡ್ಡ ಸೈಕಲ್ ಪತ್ರಿಕೆ ‘ಲ ವೆಲೊ’ದ ಸಂಪಾದಕ ಪಿಯೆರ್ ಜಿಫಾರ್ ಡ್ರೈಫಸ್ ಪರ ನಿಂತ. ಜಾಹೀರಾತು ಕೊಡುತ್ತಿದ್ದ ಮೋಟಾರು ಉದ್ಯಮಿಗಳಲ್ಲಿ ಹಲವರಿಗೆ ಇದು ಸರಿಬರಲಿಲ್ಲ. ಅವರು ಮುನಿಸಿಕೊಂಡು 1900ರಲ್ಲಿ ಬೇರೊಂದು ಪತ್ರಿಕೆ ಕಟ್ಟಿದರು. ಅದೇ ಮುಂದೆ ‘ಲೋತೋ’. ಅದರ ಸಂಪಾದಕ ಆಂರಿ ದೆಗ್ರಾಂಜ್. ಪತ್ರಿಕೆ ಮಾರಾಟವಾಗದೆ ಒದ್ದಾಡುತ್ತಿದ್ದಾಗ ಕಚೇರಿಯ ಯುವ ವರದಿಗಾರ ಜೆಯೊ ಲೆಫೆವ್ರ್ ದೇಶ ಸುತ್ತುವ ಪಂದ್ಯದ ಉಪಾಯ ಹೇಳಿದ. 1903ರ ಜುಲೈ 1ರಂದು ಮೊದಲ ಟೂರ್ ಹೊರಟಿತು. ವರದಿಗಾರರ ಮಾತನ್ನು ಸಂಪಾದಕರು ಕೇಳಿಸಿಕೊಂಡರೆ ಏನೆಲ್ಲ ಆಗಬಹುದು ಎನ್ನುವುದಕ್ಕೆ ಇದನ್ನೊಂದು ಉದಾಹರಣೆಯಾಗಿ ನಮ್ಮ ಸುದ್ದಿಮನೆಯಲ್ಲಿ ಹೇಳುವುದುಂಟು.

ಪೋತಿಯೆ ಹತ್ತಿದ ಬೆಟ್ಟ

ಟೂರ್ ಪಂದ್ಯದ ಮೊದಲ ಬೆಟ್ಟವೆಂದು ಎಲ್ಲ ಕಡೆ ಬರೆಯುವುದು ಬಲೋಂ ದಾಲ್ಸಾಸನ್ನು. ಇದು ಪೂರ್ತಿ ನಿಜವಲ್ಲ. 1903 ಮತ್ತು 1904ರಲ್ಲೇ ಪಂದ್ಯ ಸೇಂತ್-ಎತಿಯೆನ್ ಬಳಿಯ 1,161 ಮೀಟರ್ ಎತ್ತರದ ಕಣಿವೆದಾರಿಯನ್ನು ದಾಟಿತ್ತು. ಆದರೆ ‘ಬೆಟ್ಟ ಹತ್ತಿಸುತ್ತೇವೆ, ನೋಡಲು ಬನ್ನಿ’ ಎಂದು ಡಂಗುರ ಸಾರಿ ಹತ್ತಿಸಿದ್ದು 1905ರ ಜುಲೈ 11ರಂದು, ನಾನ್ಸಿಯಿಂದ ಬೆಸಾಂಸೋಂವರೆಗಿನ ಹಂತದಲ್ಲಿ.

ಆ ದಿನದ ಏರನ್ನು ಕಲ್ಪಿಸಿಕೊಳ್ಳಬೇಕಾದರೆ ಇಂದಿನ ಸೈಕಲ್ಲನ್ನು ಮರೆಯಬೇಕು. ಗೇರ್ ಬದಲಿಸುವ ಸಾಧನವಿಲ್ಲ. ಅದು ಕೈಗೆ ಬಂದ ಮೇಲೂ ದೆಗ್ರಾಂಜ್ ತನ್ನ ಪಂದ್ಯದಲ್ಲಿ ಅದನ್ನು 1937ರವರೆಗೆ ಬಿಟ್ಟುಕೊಳ್ಳಲಿಲ್ಲ. ಮನುಷ್ಯನ ಕಾಲು ಗೆಲ್ಲಬೇಕೇ ಹೊರತು ಯಂತ್ರವಲ್ಲ ಎಂಬ ಹಟ. ರಸ್ತೆಗೆ ಡಾಂಬರಿಲ್ಲ. ಪಂಕ್ಚರ್ ಆದರೆ ಸವಾರನೇ ಸರಿಪಡಿಸಿಕೊಳ್ಳಬೇಕು. ಅದರ ಮೇಲೆ ಹಿಂದಿನ ಹಂತದಲ್ಲಿ ಕಿಡಿಗೇಡಿಗಳು ರಸ್ತೆಗೆ ಮೊಳೆ ಚೆಲ್ಲಿದ್ದರು. ಸೇಂ ಮೊರೀಸ್ ಎಂಬ ಹಳ್ಳಿಯಿಂದ ಸುಮಾರು ಒಂಬತ್ತು ಕಿಲೋಮೀಟರ್ ಏರು. ನೂರು ಮೀಟರಿಗೆ ಸರಾಸರಿ ಏಳು ಮೀಟರಿನಷ್ಟು ಎತ್ತರ. ಅಂಥ ರಸ್ತೆಯಲ್ಲಿ ಯಾರೂ ಕೆಳಗಿಳಿಯದೆ ಹತ್ತಲಾರರೆಂದೇ ದೆಗ್ರಾಂಜ್ ಎಣಿಸಿದ್ದ.

ರೆನೆ ಪೋತಿಯೆ ಎಂಬ 26ರ ಯುವಕ ಇಳಿಯದೆ ಹತ್ತಿದ. ನೆತ್ತಿಯನ್ನು ಎಲ್ಲರಿಗಿಂತ ಮೊದಲು ಮುಟ್ಟಿದ. ಆದರೆ ಆ ದಿನದ ಹಂತ ಅವನದಾಗಲಿಲ್ಲ. ಇಳಿದ ಮೇಲೆ ಓಕೂತೂರಿಯೆ ಎಂಬಾತ ಅವನನ್ನು ಹಿಂದೆ ಹಾಕಿದ. ಮುಂದಿನ ಹಂತದಲ್ಲಿ ಕಾಲಿನ ನೋವಿನಿಂದ ಪಂದ್ಯವನ್ನೇ ಬಿಡಬೇಕಾಯಿತು. ಮರುವರ್ಷ ಮತ್ತೆ ಬಂದ. ಅದೇ ಬೆಟ್ಟವನ್ನು ಮತ್ತೆ ಮೊದಲಿಗನಾಗಿ ಹತ್ತಿ, ಒಬ್ಬಂಟಿಯಾಗಿ 200 ಕಿಲೋಮೀಟರಿಗೂ ಹೆಚ್ಚು ದೂರ ತುಳಿದು ದಿಜೋನ್ ಸೇರಿ, ಐದು ಹಂತಗಳನ್ನು ಗೆದ್ದು 1906ರ ಟೂರ್ ವಿಜೇತನಾದ. ಅದಾಗಿ ಆರು ತಿಂಗಳಿಗೆ, 1907ರ ಜನವರಿಯಲ್ಲಿ, ತನ್ನ ಕೈಯಾರೆ ಜೀವ ಕಳೆದುಕೊಂಡ. ಸಂಸಾರದ ನೋವು ಕಾರಣವೆಂದು ಆಗ ಜನ ಆಡಿಕೊಂಡರು. ಬೆಟ್ಟದ ಮೇಲೆ ಅವನ ನೆನಪಿಗೊಂದು ಕಲ್ಲು ನೆಡಿಸಿದವನು ದೆಗ್ರಾಂಜ್. ಕಲ್ಲು ಈಗಲೂ ಅಲ್ಲಿದೆ. ಹತ್ತಿ ಬಂದ ಸೈಕಲ್ ಸವಾರರು ಅದಕ್ಕೆ ಸೈಕಲ್ ಆನಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ.

ದೆಗ್ರಾಂಜ್ ಈ ಬೆಟ್ಟವನ್ನೇ ಆರಿಸಿದ್ದು ಎತ್ತರಕ್ಕಾಗಿಯೇ? ಎತ್ತರ ಬೇಕಿದ್ದರೆ ಆಲ್ಪ್ಸ್ ಇತ್ತು, ಪಿರನೀಸ್ ಇತ್ತು. ಅವೆಲ್ಲ ನಂತರ ಬಂದವು. ಬಲೋಂ ದಾಲ್ಸಾಸ್ ಗಡಿಯ ಮೇಲಿತ್ತು. ಹೆಸರಿನಲ್ಲೇ ‘ಅಲ್ಸಾಸ್’ ಇತ್ತು. ನೆತ್ತಿಯ ಮೇಲೆ ನಿಂತರೆ ಕಳೆದುಹೋದ ನಾಡು ಕಣ್ಣೆದುರಿಗೆ. ಅವನು ಇದನ್ನು ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಮುಂದಿನ ಹೆಜ್ಜೆ ಇನ್ನೂ ದಿಟ್ಟವಾದದ್ದು. 1907ರಿಂದ 1910ರವರೆಗೆ ನಾಲ್ಕು ವರ್ಷ ಟೂರ್ ಪಂದ್ಯದ ಒಂದು ಹಂತ ಮುಗಿದದ್ದು ಮೆಟ್ಜ್ ನಗರದಲ್ಲಿ, ಅಂದರೆ ಜರ್ಮನ್ ನೆಲದಲ್ಲಿ, ಜರ್ಮನ್ ಅಧಿಕಾರಿಗಳ ಅನುಮತಿ ಪಡೆದು. ಸವಾರರು ಬಂದರೆ ಮೆಟ್ಜಿನ ಜನ ಹುಚ್ಚೆದ್ದು ಸೇರುತ್ತಿದ್ದರು. ಗುಂಪಿನಲ್ಲಿ ಫ್ರೆಂಚ್ ರಾಷ್ಟ್ರಗೀತೆ ಕೇಳಿಬರತೊಡಗಿತು. ಜರ್ಮನರಿಗೆ ಇದು ಆಟವಾಗಿ ಕಾಣದೆ ಹೋಯಿತು. 1911ರಲ್ಲಿ ಅನುಮತಿ ಸಿಗಲಿಲ್ಲ.

ನಾಯಿಗಳು, ಹೇಸರಗತ್ತೆಗಳು, ರಸ್ತೆ

1914ರ ಆಗಸ್ಟಿನಲ್ಲಿ ಫ್ರೆಂಚ್ ಸೇನೆ ಕಣಿವೆದಾರಿಗಳನ್ನು ದಾಟಿ ಅಲ್ಸಾಸಿಗೆ ಇಳಿಯಿತು. ಮ್ಯುಲೂಸ್ ನಗರವನ್ನು ಹಿಡಿದು, ಕಳೆದುಕೊಂಡು, ಮತ್ತೆ ಹಿಡಿದು, ಮತ್ತೆ ಕಳೆದುಕೊಂಡಿತು. ಕೊನೆಗೆ ಅದರ ಕೈಯಲ್ಲಿ ಉಳಿದದ್ದು ತಾನ್ ಎಂಬ ಪುಟ್ಟ ಪಟ್ಟಣ, ಅದರ ಕಣಿವೆ ಮತ್ತು ಬೆಟ್ಟದ ನೆತ್ತಿ. ಪೂರ್ವದ ಇಳಿಜಾರುಗಳಲ್ಲಿ ಎರಡು ಸೇನೆಗಳು ಕಂದಕ ತೋಡಿಕೊಂಡು ನಾಲ್ಕು ವರ್ಷ ಎದುರುಬದುರು ಕುಳಿತವು.

ಇಲ್ಲಿನ ಕಣಿವೆಗಳೆಲ್ಲ ಪೂರ್ವ ಪಶ್ಚಿಮವಾಗಿವೆ. ಹಳೆಯ ರಸ್ತೆಗಳೂ ಹಾಗೆಯೇ. ಒಂದು ಕಣಿವೆಯ ಪಡೆಗೆ ಪಕ್ಕದ ಕಣಿವೆಯಿಂದ ಮದ್ದುಗುಂಡು ಸಾಗಿಸಬೇಕಾದರೆ ಬಯಲಿಗಿಳಿದು ಸುತ್ತಿಕೊಂಡು ಹೋಗಬೇಕು. ಬಯಲು ಶತ್ರುವಿನ ಕೈಯಲ್ಲಿ. ಆದ್ದರಿಂದ ಉತ್ತರದ ಬೊನೋಮ್ ಕಣಿವೆದಾರಿಯಿಂದ ದಕ್ಷಿಣದ ತಾನ್ ಕಡೆಗೆ ನೆತ್ತಿಯುದ್ದಕ್ಕೂ ಒಂದು ರಸ್ತೆಯನ್ನು ಸೇನೆಯೇ ಕಡಿಯಿತು. ಇಂದಿನ ‘ಏಣುಗಳ ರಸ್ತೆ’ ಅದೇ.

ಚಳಿಗಾಲದಲ್ಲಿ ಆ ರಸ್ತೆಯೂ ಹಿಮದಲ್ಲಿ ಹೂತುಹೋಗುತ್ತಿತ್ತು. ಹೇಸರಗತ್ತೆಗಳು ಮುಳುಗಿಬಿಡುತ್ತಿದ್ದವು. ಆಗ ಮೂಫ್ಲೆ ಮತ್ತು ಆಸ್ ಎಂಬ ಇಬ್ಬರು ಫ್ರೆಂಚ್ ಅಧಿಕಾರಿಗಳು 1915ರಲ್ಲಿ ಅಟ್ಲಾಂಟಿಕ್ ದಾಟಿ, ಅಲಾಸ್ಕದ ಸ್ಕಾಟಿ ಅಲನ್ ಎಂಬ ಹೆಸರಾಂತ ನಾಯಿಬಂಡಿ ಪಳಗಿಸುವವನ ನೆರವಿನಿಂದ 400ಕ್ಕೂ ಹೆಚ್ಚು ಹಿಮನಾಯಿಗಳನ್ನು ಖರೀದಿಸಿ ಹಡಗಿನಲ್ಲಿ ತಂದರು. ವೋಜ್ ಬೆಟ್ಟಗಳಲ್ಲಿ ಆ ನಾಯಿಗಳು ಮದ್ದುಗುಂಡು ಮೇಲೆ ಎಳೆದವು, ಗಾಯಾಳುಗಳನ್ನು ಕೆಳಗೆ ಎಳೆದವು. ಯುದ್ಧದ ಇತಿಹಾಸ ಪುಸ್ತಕಗಳಲ್ಲಿ ಇವಕ್ಕೆ ಅಡಿಟಿಪ್ಪಣಿಯ ಜಾಗವಷ್ಟೇ ಸಿಕ್ಕಿದೆ.

ರಸ್ತೆ ದಕ್ಷಿಣಕ್ಕೆ ಇಳಿಯುವಲ್ಲಿ 956 ಮೀಟರ್ ಎತ್ತರದ ಒಂದು ಗುಡ್ಡವಿದೆ. ಜರ್ಮನ್ ಹೆಸರು ಹಾರ್ಟ್‌ಮಾನ್ಸ್‌ವಿಲರ್‌ಕೋಪ್ಫ್. ಸೈನಿಕರು ಅದಕ್ಕೆ ‘ನರಭಕ್ಷಕ’ ಎಂದು ಹೆಸರಿಟ್ಟಿದ್ದರು. 1915ರ ಒಂದೇ ವರ್ಷದಲ್ಲಿ ಅದರ ನೆತ್ತಿ ಹಲವು ಸಲ ಕೈ ಬದಲಾಯಿತು. ಅಲ್ಲಿನ ಸ್ಮಾರಕದ ನೆಲಮಾಳಿಗೆಯಲ್ಲಿ ಹೆಸರು ತಿಳಿಯದ 12 ಸಾವಿರ ಸೈನಿಕರ ಅಸ್ಥಿಗಳಿವೆ. ಒಂದು ಮಾತು ಗಮನಿಸಬೇಕು: ಎದುರಿನ ಕಂದಕದಲ್ಲಿದ್ದ ಜರ್ಮನ್ ಪಡೆಗಳಿಗೆ ಅಲ್ಸಾಸಿಗರು ಜರ್ಮನ್ ಪ್ರಜೆಗಳೇ. ಅಲ್ಸಾಸಿನ ಲಕ್ಷಾಂತರ ಯುವಕರು ಕೈಸರನ ಸಮವಸ್ತ್ರ ತೊಟ್ಟಿದ್ದರು. ಬೆಟ್ಟ ದಾಟಿ ಹೋದ ಬಂಧುಗಳ ಮಕ್ಕಳು ಫ್ರೆಂಚ್ ಸಮವಸ್ತ್ರದಲ್ಲಿದ್ದರು.

ಸೈಕಲ್ ಪಂದ್ಯವೂ ತನ್ನ ಪಾಲು ಕೊಟ್ಟಿತು. 1907 ಮತ್ತು 1908ರ ವಿಜೇತ ಪೆತಿ-ಬ್ರೆತೋಂ, 1909ರ ವಿಜೇತ ಫ್ರಾಂಸ್ವಾ ಫಾಬೆರ್, 1910ರ ವಿಜೇತ ಒಕ್ತಾವ್ ಲಾಪೀಜ್ ಮೂವರೂ ಈ ಯುದ್ಧದಲ್ಲಿ ಸತ್ತರು. ಮೆಟ್ಜಿಗೆ ಹೋಗಿಬಂದ ನಾಲ್ಕೂ ಟೂರ್‌ಗಳ ವಿಜೇತರು ಇವರೇ.

ಯುದ್ಧ ನಿಂತು ಆರು ತಿಂಗಳಾಗಿರಲಿಲ್ಲ, 1919ರ ಏಪ್ರಿಲ್ 28ರಂದು ‘ಲ ಪೆತಿ ಜುರ್ನಾಲ್’ ಪತ್ರಿಕೆ ಸ್ಟ್ರಾಸ್‌ಬರ್ಗಿನಿಂದ ಒಂದು ಪಂದ್ಯ ಹೊರಡಿಸಿತು. ಹೆಸರೇ ‘ರಣರಂಗಗಳ ಸುತ್ತು’. ಏಳು ಹಂತ, ಸುಮಾರು ಎರಡು ಸಾವಿರ ಕಿಲೋಮೀಟರ್. ರಸ್ತೆಯಿರಬೇಕಾದ ಕಡೆ ಗುಂಡಿಗಳು, ಊರಿರಬೇಕಾದ ಕಡೆ ಇಟ್ಟಿಗೆಯ ರಾಶಿ. ವಾರಗಳ ಹಿಂದಷ್ಟೇ ಸೇನೆಯಿಂದ ಬಿಡುಗಡೆಯಾದ ಸವಾರರು ಮಳೆ ಹಿಮದಲ್ಲಿ ನಡುಗುತ್ತ ತುಳಿದರು. ಪತ್ರಿಕೆಯ ಪ್ರಸಾರಕ್ಕಾಗಿ ಇಂಥ ನೆಲದ ಮೇಲೆ ಪಂದ್ಯ ನಡೆಸಬಹುದೇ ಎಂಬ ಪ್ರಶ್ನೆ ಇಂದು ಓದುವವರಿಗೆ ಏಳದಿರದು. ಆ ಪಂದ್ಯ ಹಾಗೆಯೇ ಮತ್ತೆಂದೂ ನಡೆಯಲಿಲ್ಲ. ಅದೇ ವರ್ಷ ಜೂನ್ 29ರಂದು, ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದ ಮರುದಿನವೇ, ಟೂರ್ ದ ಫ್ರಾನ್ಸ್ ಮತ್ತೆ ಹೊರಟಿತು. ಈ ಸಲ ಸ್ಟ್ರಾಸ್‌ಬರ್ಗ್ ಮತ್ತು ಮೆಟ್ಜ್ ಎರಡೂ ಹಂತದ ಊರುಗಳು. ಯಾರ ಅನುಮತಿಯೂ ಬೇಕಿರಲಿಲ್ಲ. ಅರವತ್ತಕ್ಕೂ ಹೆಚ್ಚು ಮಂದಿ ಹೊರಟು ಹನ್ನೊಂದು ಮಂದಿ ಪ್ಯಾರಿಸ್ ಮುಟ್ಟಿದರು. ಮುಂದಿರುವವನಿಗೆ ಹಳದಿ ಅಂಗಿ ತೊಡಿಸುವ ಪದ್ಧತಿ ಶುರುವಾದದ್ದೂ ಆ ವರ್ಷವೇ. ‘ಲೋತೋ’ ಪತ್ರಿಕೆ ಅಚ್ಚಾಗುತ್ತಿದ್ದದ್ದು ಹಳದಿ ಕಾಗದದ ಮೇಲೆ.

ಸರೋವರದ ಕಡೆಯಿಂದ

ಇಂದು ಈ ದಾರಿ ತುಳಿಯುವವರು ಸಾಮಾನ್ಯವಾಗಿ ಪಶ್ಚಿಮದ ಜೆರಾರ್ಮೆ ಎಂಬ ಊರಿನಿಂದ ಹೊರಡುತ್ತಾರೆ. ಸಮುದ್ರಮಟ್ಟದಿಂದ 660 ಮೀಟರ್ ಎತ್ತರದಲ್ಲಿ 115 ಹೆಕ್ಟೇರ್ ವಿಸ್ತಾರದ ಸರೋವರ, ವೋಜ್ ಬೆಟ್ಟಗಳ ಸ್ವಾಭಾವಿಕ ಸರೋವರಗಳಲ್ಲಿ ಇದೇ ದೊಡ್ಡದು. ಪ್ರವಾಸಿಗರಿಗೆ ಅಡ್ಡಾಡುವ ದಾರಿ ಮಾಡಿಕೊಡಲು ಊರಿನವರು 1875ರಲ್ಲೇ ಒಂದು ಸಮಿತಿ ಕಟ್ಟಿದ್ದರು. ಫ್ರಾನ್ಸಿನ ಮೊದಲ ಪ್ರವಾಸಿ ಕಚೇರಿ ನಮ್ಮದೇ ಎಂದು ಅವರ ಹೆಮ್ಮೆ. ಊರಿನ ಇನ್ನೊಂದು ಕಸುಬು ನಾರುಬಟ್ಟೆಯ ನೇಯ್ಗೆ. ಸರೋವರದ ಸುತ್ತ ನಡೆದಾಡಿದರೆ ಹಳೆಯ ಊರೆಲ್ಲಿ ಎಂದು ಹುಡುಕುವಂತಾಗುತ್ತದೆ. 1944ರ ನವೆಂಬರಿನಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಊರಿನ ಬಹುಭಾಗಕ್ಕೆ ಬೆಂಕಿಯಿಟ್ಟಿತು. ಈಗಿರುವುದು ಮತ್ತೆ ಕಟ್ಟಿದ ಊರು.

ಅಲ್ಲಿಂದ ಲೋಂಜ್ಮೆರ್, ರತೂರ್ನ್‌ಮೆರ್ ಎಂಬ ಇನ್ನೆರಡು ಸಣ್ಣ ಸರೋವರಗಳ ಮಗ್ಗುಲಿನಿಂದ ಹತ್ತುತ್ತ ಹೋದರೆ ಸುಮಾರು 15 ಕಿಲೋಮೀಟರಿಗೆ ಷ್ಲುಖ್ಟ್ ಕಣಿವೆದಾರಿ. ಎತ್ತರ 1,139 ಮೀಟರ್. 1871ರಿಂದ 1914ರವರೆಗೆ ಇಲ್ಲಿ ಗಡಿಕಟ್ಟೆಯಿತ್ತು. ಎರಡೂ ದೇಶದವರು ತಂತಮ್ಮ ಕಡೆಯಿಂದ ಬೆಟ್ಟಕ್ಕೆ ಟ್ರಾಂ ಹಾಕಿಸಿದ್ದರು. ಜರ್ಮನ್ ಕಡೆಯದು 1907ರಲ್ಲಿ ಬಂತು. ಭಾನುವಾರ ಎರಡೂ ಕಡೆಯಿಂದ ಬಂದ ಜನ ಗಡಿಕಲ್ಲಿನ ಬಳಿ ನಿಂತು ಚಿತ್ರ ತೆಗೆಸಿಕೊಂಡು, ಅಂಚೆಕಾರ್ಡು ಕೊಂಡು ಇಳಿದುಹೋಗುತ್ತಿದ್ದರು. ಆ ಕಾಲದ ಅಂಚೆಕಾರ್ಡುಗಳಲ್ಲಿ ಇಬ್ಬರು ಗಡಿಕಾವಲುಗಾರರು ಅಕ್ಕಪಕ್ಕ ನಿಂತ ಚಿತ್ರಗಳು ಬೇಕಾದಷ್ಟು ಸಿಗುತ್ತವೆ.

ಪೂರ್ವಕ್ಕೆ ಇಳಿದರೆ ಮುನ್‌ಸ್ಟರ್ ಕಣಿವೆ. ಊರಿನ ಹೆಸರೇ ಅಲ್ಲಿನ ಗಿಣ್ಣಿಗೂ; ಅದರ ವಾಸನೆಗೆ ಹೊಂದಿಕೊಳ್ಳಲು ಸ್ವಲ್ಪ ಧೈರ್ಯ ಬೇಕೆಂದು ತಿಂದವರು ಹೇಳುತ್ತಾರೆ. ಬೇಸಿಗೆಯಲ್ಲಿ ದನಗಳೊಡನೆ ಬೆಟ್ಟ ಹತ್ತುವ ಗಿಣ್ಣು ಮಾಡುವ ರೈತರು ತಮ್ಮ ಕೊಟ್ಟಿಗೆಮನೆಯಲ್ಲೇ ದಾರಿಹೋಕರಿಗೆ ಊಟ ಹಾಕುತ್ತಾರೆ. ಆಲೂಗಡ್ಡೆ, ಹೊಗೆಯಾಡಿಸಿದ ಹಂದಿಮಾಂಸ, ಕೊನೆಗೆ ಬೆಟ್ಟದಲ್ಲೇ ಆರಿಸಿದ ನೀಲಿ ಬೆರಿಹಣ್ಣಿನ ಸಿಹಿ. ಅಷ್ಟು ಉಂಡು ಮತ್ತೆ ಸೈಕಲ್ ಹತ್ತುವವರ ಕಾಲಿಗೆ ನಮಸ್ಕಾರ ಹೇಳಬೇಕು.

ಮುನ್‌ಸ್ಟರ್ ಬಳಿಯ ಗುನ್ಸ್‌ಬಾಖ್ ಹಳ್ಳಿಯಲ್ಲಿ ಪಾದ್ರಿಯ ಮಗನಾಗಿ ಬೆಳೆದವನು ಆಲ್ಬರ್ಟ್ ಶ್ವೈಟ್ಸರ್. ಹುಟ್ಟಿದ್ದು ಅಲ್ಲಿಂದ ಬೆಟ್ಟದಾಚೆಯ ಕೈಸರ್ಸ್‌ಬರ್ಗಿನಲ್ಲಿ, 1875ರಲ್ಲಿ, ಜರ್ಮನ್ ಪ್ರಜೆಯಾಗಿ. ಆಫ್ರಿಕದ ಲಾಂಬರೆನೆಯಲ್ಲಿ ಆಸ್ಪತ್ರೆ ಕಟ್ಟಿ 1952ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಅವನು ಶಾಲೆಯ ಕೊನೆಯ ವರ್ಷಗಳಲ್ಲಿ ಹುಡುಗರಿಗೆ ಗಣಿತ ಪಾಠ ಹೇಳಿ ಗಳಿಸಿದ ದುಡ್ಡಿನಲ್ಲಿ ಒಂದು ಸೈಕಲ್ ಕೊಂಡಿದ್ದನ್ನು ತನ್ನ ಬಾಲ್ಯದ ನೆನಪುಗಳಲ್ಲಿ ಬರೆದಿದ್ದಾನೆ. ಮೊದಲ ಮಹಾಯುದ್ಧ ಬಂದಾಗ ಆಫ್ರಿಕದಲ್ಲಿದ್ದ ಅವನನ್ನು ಫ್ರೆಂಚರು ಬಂಧಿಸಿಟ್ಟರು, ಜರ್ಮನ್ ಪ್ರಜೆಯೆಂದು. ಗಡಿಗೆರೆ ಅಷ್ಟು ದೂರಕ್ಕೂ ಚಾಚಿತ್ತು.

ಇನ್ನೊಂದು ಸಲ

1940ರಲ್ಲಿ ಗೆರೆ ಮತ್ತೆ ಬೆಟ್ಟದ ಮೇಲೆ ಬಂತು. ಹಿಟ್ಲರ್ ಅಲ್ಸಾಸನ್ನು ಜರ್ಮನಿಗೆ ಸೇರಿಸಿಕೊಂಡ. 1942ರಿಂದ ಅಲ್ಸಾಸ್ ಮತ್ತು ಮೊಸೆಲ್ ಪ್ರದೇಶದ ಸುಮಾರು 1 ಲಕ್ಷ 30 ಸಾವಿರ ಮಂದಿಯನ್ನು ಬಲವಂತವಾಗಿ ಜರ್ಮನ್ ಸೇನೆಗೆ ಎಳೆದರು. ತಮ್ಮನ್ನು ಅವರು ಕರೆದುಕೊಂಡದ್ದು ‘ಮನಸ್ಸಿಲ್ಲದೆ ಹೋದವರು’ ಎಂದು.

ಬೆಟ್ಟಸಾಲಿನ ಉತ್ತರ ಭಾಗದಲ್ಲಿ, ಸೈಕಲ್ಲಿನವರು ಶಾಂ ದ್ಯು ಫ್ಯೂ ಏರಿಗೆ ಹೋಗುವ ಕಡೆ, ಸ್ಟ್ರುತೋಫ್ ಎಂಬ ತಾಣವಿದೆ. ಯುದ್ಧಕ್ಕೆ ಮುಂಚೆ ಸ್ಟ್ರಾಸ್‌ಬರ್ಗಿನವರು ಹಿಮದಲ್ಲಿ ಜಾರಾಡಲು ಬರುತ್ತಿದ್ದ ಹೋಟೆಲು ಅದು. 1941ರಲ್ಲಿ ನಾಜಿಗಳು ಅಲ್ಲಿ ನಾಟ್ಸ್‌ವೈಲರ್ ಯಾತನಾ ಶಿಬಿರ ತೆರೆದರು. ಅಲ್ಲಿ ಮತ್ತು ಅದರ ಉಪಶಿಬಿರಗಳಲ್ಲಿ 17 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. 1944ರ ಜುಲೈ 6ರಂದು ಅಲ್ಲಿ ಬ್ರಿಟಿಷ್ ಗುಪ್ತಸೇವೆಯ ನಾಲ್ವರು ಮಹಿಳೆಯರನ್ನು ಕೊಲ್ಲಲಾಯಿತು. ಯುದ್ಧದ ನಂತರ ವಿಚಾರಣೆಗೆ ಬಂದವರು ಅವರಲ್ಲೊಬ್ಬಳು ನೂರ್ ಇನಾಯತ್ ಖಾನ್ ಎಂದೇ ಮೊದಲು ತೀರ್ಮಾನಿಸಿದ್ದರು. ನೂರ್ ಎಂದರೆ ನಮ್ಮ ಟಿಪ್ಪು ಸುಲ್ತಾನನ ವಂಶದ ಕುಡಿ. ಅವಳ ತಂದೆ, ಸೂಫಿ ಸಂಗೀತಗಾರ ಇನಾಯತ್ ಖಾನರ ತಾಯಿಯ ಕಡೆಯಿಂದ ಬಂದ ನಂಟು. ಪ್ಯಾರಿಸಿನಲ್ಲಿ ನಿಸ್ತಂತು ಯಂತ್ರ ಹೊತ್ತುಕೊಂಡು ಮನೆಯಿಂದ ಮನೆಗೆ ಅಲೆಯುತ್ತ ಲಂಡನ್ನಿಗೆ ಸಂದೇಶ ಕಳಿಸುತ್ತಿದ್ದ ಅವಳು 1943ರ ಅಕ್ಟೋಬರಿನಲ್ಲಿ ಸಿಕ್ಕಿಬಿದ್ದಿದ್ದಳು. ವೋಜ್ ಬೆಟ್ಟದಲ್ಲಿ ಸತ್ತವಳು ಅವಳಲ್ಲ, ಸೋನಿಯಾ ಓಲ್ಶಾನೆಜ್ಕಿ ಎಂಬ ಇನ್ನೊಬ್ಬಳು ಎಂದೂ, ನೂರ್‌ಳನ್ನು 1944ರ ಸೆಪ್ಟೆಂಬರ್ 13ರಂದು ಡಾಖೌ ಶಿಬಿರದಲ್ಲಿ ಕೊಂದರೆಂದೂ ತಿಳಿದದ್ದು ನಂತರ. ಒಬ್ಬಳ ಹೆಸರಿನಲ್ಲಿ ಇನ್ನೊಬ್ಬಳ ಸಾವು ದಾಖಲಾಗಿ, ಸೋನಿಯಾಳ ಹೆಸರು ಬಹುಕಾಲ ಮರೆವಿನಲ್ಲಿ ಉಳಿಯಿತು.

ಭಾರತದ ನಂಟು ಇನ್ನೂ ಒಂದಿದೆ. ಬೆಟ್ಟದ ಪಶ್ಚಿಮ ತಪ್ಪಲಿನ ಎಪಿನಾಲ್ ಪಟ್ಟಣದಲ್ಲಿ ಜರ್ಮನರು ಬ್ರಿಟಿಷ್ ಭಾರತದ ಸೇನೆಯ ಸೆರೆಯಾಳುಗಳನ್ನು ಇಟ್ಟಿದ್ದರು. 1944ರ ಮೇ 11ರಂದು ಅಮೆರಿಕನ್ ವಿಮಾನಗಳು ಎಪಿನಾಲ್ ಮೇಲೆ ಬಾಂಬು ಹಾಕಿದಾಗ ಶಿಬಿರದ ಗೋಡೆ ಬೇಲಿಗಳು ಉರುಳಿದವು. ಸೆರೆಯಾಳುಗಳು ಗುಂಪುಗುಂಪಾಗಿ ಓಡಿದರು. ಭಾಷೆ ಬಾರದು, ನಕ್ಷೆಯಿಲ್ಲ. ಹಳ್ಳಿಯ ರೈತರು ರೊಟ್ಟಿ ಕೊಟ್ಟು, ಕೊಟ್ಟಿಗೆಯಲ್ಲಿ ಮಲಗಿಸಿ, ಮುಂದಿನ ಹಳ್ಳಿಗೆ ದಾಟಿಸಿದರು. ಸುಮಾರು 500 ಮಂದಿ ಸ್ವಿಟ್ಜರ್ಲೆಂಡ್ ಮುಟ್ಟಿದರು. ಹಾಗೆ ನೆರವಾದ ಹಳ್ಳಿಗಳಲ್ಲಿ ಎತೋಬೋಂ ಒಂದು. ಪ್ರತಿರೋಧ ಚಳವಳಿಗೆ ಬೆಂಬಲವಾಗಿ ನಿಂತ ಆ ಪುಟ್ಟ ಹಳ್ಳಿಯ 39 ಗಂಡಸರನ್ನು ಜರ್ಮನರು 1944ರ ಸೆಪ್ಟೆಂಬರ್ 27ರಂದು ಪಕ್ಕದ ಊರಿನ ಚರ್ಚಿನ ಗೋಡೆಗೆ ನಿಲ್ಲಿಸಿ ಗುಂಡಿಟ್ಟರು. ನಮ್ಮ ಪಠ್ಯಪುಸ್ತಕಗಳಲ್ಲಿ ಎರಡೂ ಕತೆ ಇಲ್ಲ.

ಯುದ್ಧದ ನಂತರ ಟೂರ್ ಈ ಬೆಟ್ಟಗಳಿಗೆ ಮತ್ತೆ ಮತ್ತೆ ಬಂದಿದೆ. 1969ರ ಜುಲೈ 4ರಂದು ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಬಲೋಂ ದಾಲ್ಸಾಸ್ ಮೇಲೆ ಎಲ್ಲರನ್ನೂ ಹಿಂದಿಕ್ಕಿ ತನ್ನ ಮೊದಲ ಟೂರ್ ಗೆಲುವಿನ ಹಾದಿ ಹಿಡಿದ. ಹತ್ತಿರದಲ್ಲೇ ಇರುವ ‘ಪ್ಲಾಂಶ್ ದೆ ಬೆಲ್ ಫೀಯ್’ ಎಂಬ ಬೆಟ್ಟ 2012ರಿಂದ ಹೆಸರುವಾಸಿ. ಹೆಸರಿನ ಅರ್ಥ ‘ಸುಂದರಿಯರ ಹಲಗೆ’. 17ನೇ ಶತಮಾನದ ಯುದ್ಧದಲ್ಲಿ ಸ್ವೀಡನ್ ಸೈನಿಕರಿಂದ ಮಾನ ಉಳಿಸಿಕೊಳ್ಳಲು ಹೆಣ್ಣುಮಕ್ಕಳು ಅಲ್ಲಿನ ಕೆರೆಗೆ ಹಾರಿದರೆಂದು ಊರಿನವರ ಕತೆ. ಹೆಸರು ಬಂದದ್ದು ಬೀಚ್ ಮರಕ್ಕಿರುವ ಹಳೆಯ ನುಡಿಯಿಂದ ಎಂಬುದು ಭಾಷೆ ಬಲ್ಲವರ ವಿವರಣೆ. ಕತೆಯನ್ನು ಬಿಟ್ಟುಕೊಡಲು ಊರಿನವರು ತಯಾರಿಲ್ಲ. ಬೆಟ್ಟದ ಮೇಲೆ ಕತೆ ಹೇಳುವ ಮರದ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. 2022ರ ಜುಲೈ ಕೊನೆಯಲ್ಲಿ ಮಹಿಳೆಯರ ಟೂರ್ ಪಂದ್ಯದ ಕೊನೆಯ ಎರಡು ಹಂತಗಳು ನಡೆದದ್ದು ಈ ಬೆಟ್ಟಗಳಲ್ಲೇ. ನೆದರ್ಲೆಂಡ್ಸಿನ ಅನ್ನಮೀಕ್ ಫಾನ್ ಫ್ಲೂಟನ್, ಆಗ 39 ವರ್ಷದವಳು, ಗ್ರಾಂ ಬಲೋಂ ದಾಟಿ ಏಣುಗಳ ರಸ್ತೆಯ ಮಾರ್ಕ್‌ಸ್ಟೈನ್ ತಾಣಕ್ಕೆ ಎಲ್ಲರಿಗಿಂತ ಬಹಳ ಮುಂಚೆ ಒಬ್ಬಂಟಿಯಾಗಿ ಬಂದಳು. ಮರುದಿನ ಸುಂದರಿಯರ ಬೆಟ್ಟದ ಮೇಲೂ ಗೆದ್ದು ಪಂದ್ಯವನ್ನೇ ತನ್ನದಾಗಿಸಿಕೊಂಡಳು.

ನರಭಕ್ಷಕ ಗುಡ್ಡದ ಕೆಳಗೆ 2017ರಲ್ಲಿ ಫ್ರಾನ್ಸ್ ಮತ್ತು ಜರ್ಮನಿ ಜೊತೆಯಾಗಿ ಒಂದು ವಸ್ತುಸಂಗ್ರಹಾಲಯ ತೆರೆದಿವೆ. ರಸ್ತೆ ಅದರ ಮುಂದೆಯೇ ಹಾದುಹೋಗುತ್ತದೆ. ಏರು ಮುಗಿಸಿದವರು ಅಲ್ಲಿ ಸೈಕಲ್ ನಿಲ್ಲಿಸಿ ಒಳಗೆ ಹೋಗುವುದುಂಟು, ಇಳಿಜಾರಿನ ಓಟ ತಪ್ಪಿಸಿಕೊಳ್ಳಲು ಮನಸ್ಸಿಲ್ಲದೆ ನೇರವಾಗಿ ಇಳಿದುಬಿಡುವುದೂ ಉಂಟು. ಚಳಿಗಾಲ ಬಂದು ಹಿಮ ಬಿದ್ದ ಮೇಲೆ ನೆತ್ತಿಯ ರಸ್ತೆಯನ್ನು ಮುಚ್ಚುತ್ತಾರೆ. ಅದರ ಕೆಲವು ಭಾಗಗಳಲ್ಲಿ ಜನ ಹಿಮಹಲಗೆ ಕಟ್ಟಿಕೊಂಡು ಓಡಾಡುತ್ತಾರೆ. ಮತ್ತೆ ತೆರೆಯುವುದು ವಸಂತದಲ್ಲಿ. ಆ ಹೊತ್ತಿಗೆ ಕೆಳಗೆ ಜೆರಾರ್ಮೆಯ ಹುಲ್ಲುಗಾವಲುಗಳಲ್ಲಿ ಹಳದಿ ಡ್ಯಾಫೊಡಿಲ್ ಹೂ ಅರಳಿರುತ್ತದೆ. 1935ರಲ್ಲಿ ಶುರುವಾದ ಅದರ ಉತ್ಸವಕ್ಕೆ ಊರಿನ ಮಕ್ಕಳು ಈಗಲೂ ಬುಟ್ಟಿ ಹಿಡಿದು ಹೂ ಕೀಳಲು ಹೋಗುತ್ತಾರೆ.